ಅಜ್ಜಿ, ಅಪ್ಪ, ಮೊಮ್ಮಗಳು ಒಟ್ಟಿಗೆ ಕೂತು ನೋಡುವ ಚಿತ್ರಸರಣಿ: ಯಾವುದು, ಯಾವ ಕ್ರಮದಲ್ಲಿ, ಹೇಗೆ ತೋರಿಸೋದು?

ಚಿಂತಾಮಣಿ_ಲೈಬ್ರರಿ:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿಯ ಒಂದು ಶಾಲೆಯ ಬೇಸಿಗೆ ಶಿಬಿರದಲ್ಲಿ ಮೂರು ಸಂಜೆ ಸಿನಿಮಾ ತೋರಿಸುವ ಯೋಜನೆ ಇದೆ. 5ರಿಂದ 9ನೇ ತರಗತಿಯ ಮಕ್ಕಳು, ಅವರ ಅಪ್ಪ-ಅಮ್ಮ, ಮನೆಯ ಅಜ್ಜ-ಅಜ್ಜಿಯರು, ಎಲ್ಲ ಸೇರಿ ಸುಮಾರು 120 ಜನ ಆಗಬಹುದು. ದಿನಕ್ಕೊಂದು ಬಿಡಿ ಚಿತ್ರದ ಬದಲು ಒಂದೇ ಸರಣಿಯ ಚಿತ್ರಗಳನ್ನು ತೋರಿಸಿದರೆ ಮನೆಗೆ ಹೋದ ಮೇಲೂ ಮೂರು ತಲೆಮಾರಿನವರು ಅದರ ಬಗ್ಗೆ ಮಾತಾಡಿಕೊಳ್ಳುತ್ತಾರೆ ಎಂಬ ಆಸೆ.

ಕೇಳಬೇಕಾದ್ದು ಇಷ್ಟು. ದೊಡ್ಡ ಫ್ರಾಂಚೈಸಿಗಳಲ್ಲಿ ಕೆಲವು ಮಾತ್ರ ಅಜ್ಜನನ್ನೂ ಮೊಮ್ಮಗನನ್ನೂ ಹಿಡಿದು ಕೂರಿಸುತ್ತವೆ, ಉಳಿದವು ಒಂದೇ ವಯಸ್ಸಿನವರಿಗೆ ಸೀಮಿತವಾಗುತ್ತವೆ. ಇದಕ್ಕೆ ಕಾರಣ ಏನು? ಅದನ್ನು ನೋಡಿಕೊಂಡು ನಮ್ಮಂಥ ಸಭಿಕರಿಗೆ ಯಾವ ಸರಣಿ ಆರಿಸಬೇಕು? ಸಭಾಂಗಣ ಶಾಲೆಯದೇ. ತಗಡಿನ ಸೂರು, ಎರಡೂ ಕಡೆ ಕಿಟಕಿ. ಪ್ರೊಜೆಕ್ಟರ್ ಬಾಡಿಗೆಗೆ ತರಬೇಕು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ರೀಲುಡಬ್ಬಿ_ಕೋಲಾರ:

ಮೇಡಂ, ಕಾರಣ ತಿಳಿದರೆ ಆಯ್ಕೆ ಅರ್ಧ ಮುಗಿದಂತೆ. ಅದಕ್ಕೆ ಮೊದಲ ಪ್ರಶ್ನೆಯನ್ನೇ ಸ್ವಲ್ಪ ಉದ್ದಕ್ಕೆ ತೆಗೆದುಕೊಳ್ಳುತ್ತೇನೆ.

ನಮ್ಮ ಕಡೆ ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡ್ತಾರಲ್ಲ, ಅಲ್ಲಿ ದುರ್ಯೋಧನ ಕೊನೆಗೆ ಏನಾಗ್ತಾನೆ ಅನ್ನೋದು ಗೊತ್ತಿಲ್ಲದವರು ಯಾರೂ ಇರಲ್ಲ. ಆದರೂ ಜನ ಬೆಳಗಿನ ಜಾವದವರೆಗೆ ಏಳಲ್ಲ. ಅಜ್ಜ ಈ ಸಲದ ಕೃಷ್ಣನ ಕಂದಪದ್ಯವನ್ನು ಹಿಂದಿನವನ ಕಂದಪದ್ಯಕ್ಕೆ ಹೋಲಿಸ್ತಾ ಇರ್ತಾನೆ, ಮಗ ಸಂಧಾನದ ಸೀನಿಗೆ ಕಾಯ್ತಾ ಇರ್ತಾನೆ, ತೊಡೆ ಮೇಲಿನ ಮಗು ಗದೆ, ಕಿರೀಟ ನೋಡ್ತಾ ಇರುತ್ತೆ. ಒಂದೇ ಆಟ, ಮೂವರಿಗೂ ಬೇರೆ ಬೇರೆ ಕೆಲಸ. ತಲೆಮಾರು ದಾಟಿದ ಚಿತ್ರಸರಣಿಗಳಲ್ಲಿ ನಡೆಯೋದೂ ಇದೇ. ಕಥೆಯ ಕುತೂಹಲದ ಜೊತೆಗೆ ಇನ್ನೂ ಮೂರು ವಿಷಯ ಅಲ್ಲಿ ಕೂಡಿ ಬಂದಿರುತ್ತವೆ.

ಮೊದಲನೆಯದು ಗುರುತು. ಕಥೆ ಗೊತ್ತಿಲ್ಲದವನಿಗೂ ಎರಡು ಸೆಕೆಂಡಿನಲ್ಲಿ ‘ಓ, ಅದು’ ಅನ್ನಿಸಬೇಕು. ಜೇಮ್ಸ್ ಬಾಂಡ್ ಸರಣಿ 1962ರಲ್ಲಿ ಶುರುವಾಯಿತು. 2021ರವರೆಗೆ ಇಯಾನ್ ಎಂಬ ನಿರ್ಮಾಣ ಸಂಸ್ಥೆಯಿಂದ 25 ಚಿತ್ರ ಬಂದವು, ಆರು ಜನ ನಟರು ಬದಲಾದರು. ಬದಲಾಗದೆ ಉಳಿದಿದ್ದು ಮೊದಲ ಚಿತ್ರದಲ್ಲೇ ಕೇಳಿಸಿದ ಆ ಗಿಟಾರ್ ರಾಗ ಮತ್ತು ಬಂದೂಕಿನ ನಳಿಗೆಯೊಳಗಿಂದ ನೋಡುವ ಆರಂಭದ ಚಿತ್ರಿಕೆ. ಕನ್ನಡದಲ್ಲಿ ಇದನ್ನು ಬೇಗ ಅರ್ಥ ಮಾಡಿಕೊಂಡವರು ದೊರೈ-ಭಗವಾನ್. 1968ರ ಜೇಡರ ಬಲೆಯಿಂದ ಶುರುವಾಗಿ ಗೋವಾದಲ್ಲಿ ಸಿಐಡಿ 999, 1969ರಲ್ಲಿ ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999, 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್ ಬಂದವು. ಸಿಐಡಿ 999 ಆಗಿ ಡಾ. ರಾಜ್‌ಕುಮಾರ್, ಪ್ರತಿ ಚಿತ್ರಕ್ಕೂ ಹೊಸ ಕೇಸು. ಯಾವುದನ್ನು ಮೊದಲು ನೋಡಿದರೂ ತೊಂದರೆ ಇಲ್ಲ.

ಗುರುತು ಮಾತಿನಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. 1993ರ ಜುರಾಸಿಕ್ ಪಾರ್ಕ್ 127 ನಿಮಿಷದ ಚಿತ್ರ, ಅದರಲ್ಲಿ ಡೈನೋಸಾರ್ ಕಾಣಿಸೋದು ಸುಮಾರು 15 ನಿಮಿಷ ಮಾತ್ರ. ಉಳಿದದ್ದೆಲ್ಲ ಕಾಯುವಿಕೆ. ಮಳೆಯಲ್ಲಿ ನಿಂತ ಕಾರು, ಅದರ ಡ್ಯಾಶ್‌ಬೋರ್ಡಿನ ಮೇಲೆ ನೀರಿನ ಲೋಟ, ನೀರಿನ ಮೇಲೆ ಉಂಗುರ ಉಂಗುರವಾಗಿ ಏಳುವ ಅಲೆ. ಆ ಅಲೆ ಎಬ್ಬಿಸಲು ಕೆಳಗಡೆ ಗಿಟಾರ್ ತಂತಿ ಬಿಗಿದು ಮೀಟಿದ್ದರು. ಬಂದ ಮೇಲಿನ ಘರ್ಜನೆಯಲ್ಲಿ ಆನೆಮರಿಯ ಕೂಗು ಬೆರೆಸಿದ್ದಾರೆ. ಆರು ವರ್ಷದ ಮಗುವಿಗೂ ಎಪ್ಪತ್ತರ ಅಜ್ಜಿಗೂ ಈ ದೃಶ್ಯ ಒಂದೇ ಕ್ಷಣಕ್ಕೆ ತಲುಪುತ್ತೆ, ಭಾಷೆ ಬೇಕಾಗಲ್ಲ. ಸರಣಿ ಆರಿಸುವಾಗ ಮಾತಿಲ್ಲದೆ ಕೆಲಸ ಮಾಡುವ ಇಂಥ ದೃಶ್ಯ ಚಿತ್ರದಲ್ಲಿ ಎಷ್ಟಿವೆ ಅಂತ ಎಣಿಸಿ. ಎರಡು ಗಂಟೆಯಲ್ಲಿ ಐದಾರು ಇಲ್ಲದಿದ್ದರೆ ನಿಮ್ಮ ಸಭೆಗೆ ಅದು ಬೇಡ.

ಎರಡನೆಯದು ಹೊಸಬರಿಗೆ ಬಾಗಿಲು. 1977ರ ಸ್ಟಾರ್ ವಾರ್ಸ್‌ನಲ್ಲಿ ನಾಯಕ ಹೊಲದ ಮನೆಯ ಹುಡುಗ, ಅವನಿಗೇ ಏನೂ ಗೊತ್ತಿಲ್ಲ. ಅವನು ಕೇಳುವ ಪ್ರಶ್ನೆಯೇ ನಮ್ಮ ಪ್ರಶ್ನೆ. 2015ರಲ್ಲಿ ಸರಣಿ ಮತ್ತೆ ಶುರುವಾದಾಗಲೂ ಇದೇ ದಾರಿ ಹಿಡಿದರು. ಹಳೆಯ ಮೂವರು ಪ್ರಧಾನ ನಟರು ಮರಳಿ ಬಂದರು, ಆದರೆ ಕಥೆ ನಡೆಸಿದ್ದು ಹೊಸ ಹುಡುಗ-ಹುಡುಗಿ. ಹಳಬರಿಗೆ ದಾರಿ ತೋರಿಸುವ ಕೆಲಸ. ಈ ಬಾಗಿಲು ಮುಚ್ಚಿದಾಗಲೇ ಸರಣಿ ಒಂದು ವಯಸ್ಸಿಗೆ ಸೀಮಿತವಾಗೋದು. ಮಾರ್ವೆಲ್ ಚಿತ್ರಗಳು 2008ರ ಐರನ್ ಮ್ಯಾನ್‌ನಿಂದ ಹೊರಟು 2019ರ ಎಂಡ್‌ಗೇಮ್ ಹೊತ್ತಿಗೆ 22 ಆಗಿದ್ದವು. ಹನ್ನೊಂದು ವರ್ಷ ಬಿಡದೆ ನೋಡಿದವರಿಗೆ ಅದು ಹಬ್ಬ. ನೇರವಾಗಿ 22ನೆಯದಕ್ಕೆ ಬಂದ ಅಜ್ಜಿಗೆ ಪರದೆ ತುಂಬ ಅಪರಿಚಿತರು, ಯಾರು ಸತ್ತರೆ ಅಳಬೇಕು ಅನ್ನೋದೂ ತಿಳಿಯಲ್ಲ. ಚಿತ್ರ ಕೆಟ್ಟದ್ದು ಅಂತಲ್ಲ, ಹಿಂದಿನ ಪಾಠ ಓದಿಕೊಂಡು ಬರಬೇಕಾದ ಚಿತ್ರ ಅದು.

ಮೂರನೆಯದು ವಯಸ್ಸಾಗುವ ಪಾತ್ರ. ಹ್ಯಾರಿ ಪಾಟರ್ 2001ರಿಂದ 2011ರವರೆಗೆ ಎಂಟು ಚಿತ್ರ, ಅವೇ ಮಕ್ಕಳು ಕಣ್ಣೆದುರೇ ಬೆಳೆದರು. ಟಾಯ್ ಸ್ಟೋರಿ 1995ರಲ್ಲಿ ಬಂತು, 1999ರಲ್ಲಿ ಎರಡನೆಯದು, 2010ರಲ್ಲಿ ಮೂರನೆಯದು. ಮೂರನೆಯದರಲ್ಲಿ ಗೊಂಬೆಗಳ ಒಡೆಯ ಆಂಡಿ ಕಾಲೇಜಿಗೆ ಹೊರಟಿರ್ತಾನೆ. ಮೊದಲ ಚಿತ್ರವನ್ನು ಐದಾರು ವರ್ಷದವರಾಗಿದ್ದಾಗ ನೋಡಿದವರು ಅಷ್ಟೊತ್ತಿಗೆ ಹೆಚ್ಚುಕಮ್ಮಿ ಅವನ ಓರಗೆಯವರು. ಅದೇ ಚಿತ್ರ ಪಕ್ಕದಲ್ಲಿ ಕೂತ ತಾಯಿಗೆ ಮಗ ಮನೆ ಬಿಟ್ಟು ಹೋಗುವ ಕಥೆ, ಪುಟ್ಟ ಮಗುವಿಗೆ ಗೊಂಬೆಗಳು ತಪ್ಪಿಸಿಕೊಳ್ಳುವ ಕಥೆ. ಇಷ್ಟು ಅಚ್ಚುಕಟ್ಟಾಗಿ ಮೂರು ವಯಸ್ಸನ್ನು ಒಂದೇ ದೃಶ್ಯದಲ್ಲಿ ಕೂರಿಸಿದ ಚಿತ್ರ ಸರಣಿಗಳಲ್ಲಿ ಅಪರೂಪ.

ಆಟಿಕೆಯ ವಿಷಯವೂ ಇದೆ. 1977ರ ಕ್ರಿಸ್ಮಸ್ ಹೊತ್ತಿಗೆ ಸ್ಟಾರ್ ವಾರ್ಸ್ ಗೊಂಬೆಗಳು ತಯಾರಾಗಿರಲಿಲ್ಲ. ಕೆನ್ನರ್ ಕಂಪನಿ ಒಳಗೆ ಗೊಂಬೆಯೇ ಇಲ್ಲದ ಪೊಟ್ಟಣ ಮಾರಿತು, ಆಮೇಲೆ ಗೊಂಬೆ ಕಳಿಸುತ್ತೇವೆ ಎಂಬ ಚೀಟಿ ಇಟ್ಟು. ಜನ ಅದನ್ನೂ ಕೊಂಡರು. ಮುಂದಿನ ಚಿತ್ರ ಬಂದಿದ್ದು 1980ರಲ್ಲಿ. ನಡುವಿನ ವರ್ಷಗಳಲ್ಲಿ ಕಥೆಯನ್ನು ಜೀವಂತವಾಗಿ ಇಟ್ಟಿದ್ದು ಮಕ್ಕಳ ಕೈಯಲ್ಲಿದ್ದ ಗೊಂಬೆಗಳು. ಅವೇ ಗೊಂಬೆ ಮುಂದೆ ಆ ಮಕ್ಕಳ ಮಕ್ಕಳಿಗೆ ಸಿಕ್ಕವು.

ಈ ಎಲ್ಲದರ ಮೇಲೆ ನನ್ನ ಗಟ್ಟಿ ಅಭಿಪ್ರಾಯ ಒಂದಿದೆ. ಸರಣಿಯನ್ನು ಮುಂದಿನ ತಲೆಮಾರಿಗೆ ದಾಟಿಸುವುದರಲ್ಲಿ ಜಾಹೀರಾತಿಗಿಂತ ಮನೆಯ ಹಿರಿಯರ ಬಾಯಿ ಮುಖ್ಯ. ‘ನಾವು ನೋಡಿದಾಗ ಹೀಗಿತ್ತು’ ಅಂತ ಹೇಳೋಕೆ ಅವರಿಗೆ ಏನಾದರೂ ಇರಬೇಕು. ಹಾಗಾಗಿ ಮಕ್ಕಳಿಗೆ ಯಾವುದು ಇಷ್ಟ ಅಂತ ನೋಡಿ ಆರಿಸಬೇಡಿ. ಸಭೆಯ ಅತಿ ಹಿರಿಯರು ಯಾವುದರ ಮೊದಲ ಭಾಗವನ್ನು ಥಿಯೇಟರಿನಲ್ಲಿ ನೋಡಿದ್ದಾರೆ ಅಂತ ವಿಚಾರಿಸಿ ಆರಿಸಿ. ನಿಮ್ಮ ಊರಿಗೆ ಆ ಸರಣಿ ಹಾಲಿವುಡ್‌ನಲ್ಲಿ ಸಿಗಲ್ಲ.

ನನ್ನ ಸಲಹೆ ಗಂಧದ ಗುಡಿ. 1973ರಲ್ಲಿ ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿ, ಜೊತೆಗೆ ವಿಷ್ಣುವರ್ಧನ್. ತೊಂಬತ್ತರ ದಶಕದ ಎರಡನೇ ಭಾಗಕ್ಕೆ ಶಿವರಾಜ್‌ಕುಮಾರ್. 2022ರ ಅಕ್ಟೋಬರ್ 28ಕ್ಕೆ ಬಂದದ್ದು ಪುನೀತ್ ರಾಜ್‌ಕುಮಾರ್ ಅವರು ಅಮೋಘವರ್ಷ ಜೊತೆ ಕರ್ನಾಟಕದ ಕಾಡು, ಕಡಲು ಸುತ್ತಿದ ಸಾಕ್ಷ್ಯಚಿತ್ರ, ಪುನೀತ್ ತೀರಿಕೊಂಡು ಒಂದು ವರ್ಷ ತುಂಬುವ ಮುನ್ನಾದಿನ. ಮೂರನೆಯದಕ್ಕೂ ಮೊದಲನೆಯದಕ್ಕೂ ಕಥೆಯ ಕೊಂಡಿ ಇಲ್ಲ. ಹೆಸರು, ಕಾಡು, ಒಂದೇ ಮನೆಯ ಅಪ್ಪ-ಮಕ್ಕಳು, ಅಷ್ಟೇ ಕೊಂಡಿ. ಆದರೂ ‘ನಾವಾಡುವ ನುಡಿಯೇ ಕನ್ನಡ ನುಡಿ’ ಅಂತ ಶುರುವಾದರೆ ಸಭೆಯಲ್ಲಿ ಹಾಡದವರು ಇರಲ್ಲ. ಅಜ್ಜನ ಹತ್ತಿರ ಹೇಳೋಕೆ ತುಂಬ ಇರುತ್ತೆ.

ಆಂಡರ್ಸನ್‌ಪೇಟೆ_ಕಿರಣ:

ಕೋಲಾರ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಮುಟ್ಟಿಸಿದ ಕೆಜಿಎಫ್ ಇದೆಯಲ್ಲ, ಅದನ್ನೇ ತೋರಿಸಿ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಶಾಲೆಗೆ ಬೇಡ. ಹಿಂಸೆ ಜಾಸ್ತಿ, 5ನೇ ತರಗತಿ ಮಕ್ಕಳನ್ನು ಕೂರಿಸುವ ಚಿತ್ರ ಅಲ್ಲ, ಎರಡೂ ಭಾಗ ಎರಡೂವರೆ ಗಂಟೆ ದಾಟುತ್ತವೆ.

ಆದರೆ ಸರಣಿ ಹೇಗೆ ಕಟ್ಟಬೇಕು ಅನ್ನೋದಕ್ಕೆ ಅದು ಒಳ್ಳೆ ಪಾಠ. ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ, ಎರಡನೆಯದು 2022ರ ಏಪ್ರಿಲ್ 14ಕ್ಕೆ. ಎರಡನ್ನೂ ನಿರೂಪಕನ ಬಾಯಿಂದ ಹೇಳಿಸಿದ್ದಾರೆ. ಮೊದಲನೆಯದಕ್ಕೆ ಅನಂತ್‌ ನಾಗ್, ಎರಡನೆಯದಕ್ಕೆ ಅವರ ಮಗನ ಪಾತ್ರದಲ್ಲಿ ಪ್ರಕಾಶ್ ರಾಜ್. ಹಳೆಯ ಕಥೆಯನ್ನು ಒಬ್ಬರು ಕೂತು ಇನ್ನೊಬ್ಬರಿಗೆ ಹೇಳುವ ಕ್ರಮ ಇರೋದರಿಂದ ಮೊದಲ ಭಾಗ ನೋಡದವರೂ ಎರಡನೆಯದಕ್ಕೆ ಬಂದು ಕೂರಬಹುದು. ತಾಯಿಗೆ ಕೊಟ್ಟ ಮಾತು ಅನ್ನೋ ಎಳೆ ಯಾವ ವಯಸ್ಸಿನವರಿಗೂ ವಿವರಿಸಬೇಕಾಗಿಲ್ಲ.

ಇಲ್ಲಿನ ಹಿರಿಯರಿಗೆ ಅದು ಬೇರೆ ರೀತಿ ತಟ್ಟುತ್ತೆ. ಸೆಟ್ ಹಾಕಿದ್ದು ಗಣಿಯ ಸೈನೈಡ್ ದಿಬ್ಬಗಳ ಮೇಲೆ. ಕಥೆಯಲ್ಲಿ ಬರುವ ನರಾಚಿ ಗಣಿ ಕಲ್ಪನೆ. ನಿಜವಾದ ಗಣಿಯನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು, 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು, ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮಗ ಪರದೆಯ ಮೇಲೆ ನರಾಚಿ ನೋಡಿದರೆ ಅಪ್ಪನ ತಲೆಯಲ್ಲಿ ಶಿಫ್ಟಿನ ಸೈರನ್ ಇರುತ್ತೆ. ಇಬ್ಬರೂ ಮಾತಿಗೆ ಕೂರಬೇಕಾದರೆ ಈ ವರ್ಷಗಳನ್ನು ಪರದೆಯ ಹೊರಗೆ ಯಾರಾದರೂ ಹೇಳಬೇಕು.

ಬಾಗೇಪಲ್ಲಿ_ವನಜ:

ಭಾಷೆಯ ವಿಷಯ ಯಾರೂ ಎತ್ತಿಲ್ಲ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿ ತೆಲುಗಿನಲ್ಲಿ ಮಾತಾಡ್ತಾರೆ, ಮೊಮ್ಮಗು ಕನ್ನಡ ಶಾಲೆಯಲ್ಲಿ ಓದುತ್ತೆ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ಇರಲಿಲ್ಲ. 2015ರಲ್ಲಿ ಡಬ್ಬಿಂಗ್ ತಡೆಯುವಂತಿಲ್ಲ ಎಂದು ಭಾರತದ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ, 2017ರಿಂದ ಈಚೆಗೆ ಡಬ್ ಆದ ಚಿತ್ರಗಳು ಥಿಯೇಟರಿಗೆ ಬರತೊಡಗಿದವು. 2022ರ ಡಿಸೆಂಬರಿನಲ್ಲಿ ಬಂದ ಅವತಾರ್ ಎರಡನೇ ಭಾಗಕ್ಕೆ ಕನ್ನಡ ಆವೃತ್ತಿ ಇತ್ತು, 2023ರ ಸ್ಪೈಡರ್ ಮ್ಯಾನ್ ಅನಿಮೇಷನ್ ಚಿತ್ರಕ್ಕೂ ಇತ್ತು. 2009ರ ಮೊದಲ ಅವತಾರ್ ಬಂದಾಗ ಆ ಅನುಕೂಲ ಇರಲಿಲ್ಲ. ಇದರಿಂದ ಆಗುವ ತೊಡಕು ಏನೆಂದರೆ, ಒಂದೇ ಸರಣಿಯ ಮೊದಲ ಭಾಗ ಇಂಗ್ಲಿಷಿನಲ್ಲಿ, ಮುಂದಿನದು ಕನ್ನಡದಲ್ಲಿ ಸಿಗುತ್ತೆ. ಅಜ್ಜಿ ಮೊದಲ ದಿನವೇ ಎದ್ದು ಹೋದರೆ ಎರಡನೇ ದಿನಕ್ಕೆ ಬರಲ್ಲ. ಚಿತ್ರ ಗೊತ್ತು ಮಾಡುವ ಮುಂಚೆ ಮೂರೂ ಭಾಗ ಒಂದೇ ಭಾಷೆಯಲ್ಲಿ ಸಿಗುತ್ತಾ ಅಂತ ಖಚಿತ ಮಾಡಿಕೊಳ್ಳಿ.

ಸಬ್‌ಟೈಟಲ್ ನಂಬಬೇಡಿ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರು, ಓದು ಬಾರದವರು, ಐದನೇ ತರಗತಿಯ ನಿಧಾನ ಓದುಗರು, ಮೂವರಿಗೂ ಸಾಲು ಓದಿ ಮುಗಿಯುವಷ್ಟರಲ್ಲಿ ದೃಶ್ಯ ಹೋಗಿರುತ್ತೆ. ಈ ಕಾರಣಕ್ಕೂ ಗಂಧದ ಗುಡಿ ಸರಿ ಅನ್ನಿಸುತ್ತೆ. ಪರ್ಯಾಯ ಬೇಕಿದ್ದರೆ ಟಾಯ್ ಸ್ಟೋರಿ ಮೊದಲ ಮೂರು, ಕ್ರಮವಾಗಿ 81, 92, 103 ನಿಮಿಷ, ಚಿಕ್ಕ ಮಕ್ಕಳಿಗೂ ಹಿಡಿಸುವ ಅಳತೆ.

ನಟಿ ಇಲ್ಲದೆಯೂ ಸರಣಿ ಮುಂದುವರಿದ ಒಂದು ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಮುಳಬಾಗಿಲು ಕಡೆಯ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಅವರು ನಟಿಸಿದ ಆಪ್ತಮಿತ್ರ ಬಿಡುಗಡೆ ಆದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅದರ ಮುಂದಿನ ಭಾಗ, 2010ರ ಆಪ್ತರಕ್ಷಕಕ್ಕೆ, ಕಥೆಯಲ್ಲಿ ಕಾಡುವ ನಾಗವಲ್ಲಿಯ ಚಿತ್ರಪಟವನ್ನೇ ಕೊಂಡಿ ಮಾಡಿಕೊಂಡರು. ಪಟ ಮನೆಯಿಂದ ಮನೆಗೆ ಹೋಗುತ್ತೆ, ಜೊತೆಗೆ ಭಯವೂ ಹೋಗುತ್ತೆ, ವಿಷ್ಣುವರ್ಧನ್ ಅವರ ವೈದ್ಯನ ಪಾತ್ರ ಹಾಗೇ ಮುಂದುವರಿಯುತ್ತೆ. ಒಂದು ವಸ್ತುವಿಗೆ ಪಾತ್ರದಷ್ಟೇ ತೂಕ ಕೊಟ್ಟರೆ ನಟರು ಬದಲಾದರೂ ನೋಡುಗರು ಕೈಬಿಡಲ್ಲ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ.

ಚಿಂತಾಮಣಿ_ಲೈಬ್ರರಿ:

ಎಲ್ಲರಿಗೂ ತುಂಬಾ ಧನ್ಯವಾದ. ಹಿರಿಯರಿಂದ ಶುರು ಮಾಡಿ ಅನ್ನೋ ಮಾತು ಸಮಿತಿಗೂ ಒಪ್ಪಿಗೆ ಆಯಿತು. ಮೂರು ಸಣ್ಣ ಅನುಮಾನ. ಬೇರೆ ಸರಣಿಗಳಲ್ಲಿ ಭಾಗ 1, 2 ಅಂತ ಸಂಖ್ಯೆಯ ಪ್ರಕಾರ ತೋರಿಸಬೇಕಾ, ಬಿಡುಗಡೆಯ ಪ್ರಕಾರವಾ? ಶಾಲೆಯಲ್ಲಿ ತೋರಿಸಲು ಅನುಮತಿ ಬೇಕಾ? 1973ರ ಚಿತ್ರದ ನಿಧಾನಕ್ಕೆ ಈಗಿನ ಮಕ್ಕಳು ಕೂರ್ತಾರಾ?

ರೀಲುಡಬ್ಬಿ_ಕೋಲಾರ:

ಕ್ರಮದ ಬಗ್ಗೆ ಅನುಮಾನವೇ ಬೇಡ ಮೇಡಂ, ಬಿಡುಗಡೆಯಾದ ಕ್ರಮ. ಸ್ಟಾರ್ ವಾರ್ಸ್‌ನಲ್ಲಿ 1977, 1980, 1983ರ ಚಿತ್ರಗಳಿಗೆ 4, 5, 6 ಅಂತ ಸಂಖ್ಯೆ. 1999, 2002, 2005ರಲ್ಲಿ ಬಂದವು 1, 2, 3. ಸಂಖ್ಯೆ ನೋಡಿ ಶುರು ಮಾಡಿದರೆ 1980ರ ಚಿತ್ರದ ಕೊನೆಯಲ್ಲಿ ಬಿಚ್ಚುವ ಗುಟ್ಟು ಮೊದಲೇ ಗೊತ್ತಾಗಿ ಹೋಗುತ್ತೆ. ಕೆಲವರು 4, 5, 2, 3, 6 ಅಂತ ನೋಡ್ತಾರೆ, ಗುಟ್ಟು ಉಳಿಯುತ್ತೆ, ನಡುವಿನ ಎರಡು ಹಿನ್ನೆಲೆಯ ಕಥೆ ಆಗುತ್ತೆ. ಒಬ್ಬರೇ ಕೂತು ನೋಡೋಕೆ ಚೆನ್ನ, ಮೂರು ಸಂಜೆಯ ಸಭೆಗೆ ಆಗದ ಮಾತು. ಕಾಂತಾರದಲ್ಲೂ ಈ ಗೊಂದಲ ಆಗುತ್ತೆ. 2025ರ ಅಕ್ಟೋಬರ್ 2ಕ್ಕೆ ಬಂದದ್ದಕ್ಕೆ ‘ಅಧ್ಯಾಯ 1’ ಅಂತ ಹೆಸರು, ಅದು ಹಿಂದಿನ ಕಾಲದ ಕಥೆ. ಹೊಸಬರು ಅದನ್ನೇ ಮೊದಲು ನೋಡಬೇಕು ಅಂದುಕೊಳ್ತಾರೆ. 2022ರದ್ದನ್ನು ನೋಡಿದವರಿಗೇ ಅದರ ಸಂಕೇತಗಳು ಬೇಗ ಹತ್ತುತ್ತವೆ. ಹಿಂದಿನ ಕಾಲದ ಕಥೆ ಅಂತ ಬರೆದ ಚಿತ್ರ ಮುಂದಿನದು ಗೊತ್ತಿರುವವರಿಗಾಗಿಯೇ ಬರೆದಿರುತ್ತೆ. ಅದನ್ನು ತಿರುಗಿಸಿ ತೋರಿಸಿದರೆ ಎರಡೂ ಸೊರಗುತ್ತವೆ.

ಅನುಮತಿ ಖಂಡಿತ ಯೋಚಿಸಬೇಕಾದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗೆ ಒಂದು ರಿಯಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ-ತಾಯಿ ಮತ್ತು ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಸಭಿಕರಾದರೆ ಚಿತ್ರ ತೋರಿಸಬಹುದು. ಊರಿಗೆಲ್ಲ ಬಾಗಿಲು ತೆರೆದರೆ ಆ ರಿಯಾಯಿತಿ ಹೋಯಿತು. ಆದ್ದರಿಂದ ಬೀದಿಯಲ್ಲಿ ಬ್ಯಾನರ್ ಕಟ್ಟಬೇಡಿ. ಮಕ್ಕಳ ಡೈರಿಯಲ್ಲಿ ಚೀಟಿ ಕಳಿಸಿ, ಯಾರು ಬರುತ್ತಾರೆ ಅಂತ ಹೆಸರು ಬರೆಸಿಕೊಳ್ಳಿ, ಟಿಕೆಟ್ ಇಡಬೇಡಿ. ಒಟಿಟಿ ಖಾತೆಯ ಕರಾರು ಬೇರೆ, ಅದು ಮನೆಯ ಬಳಕೆಗೆ ಮಾತ್ರ. ಅದರ ಮೇಲೆ ನಂಬಿ ಕೂರದೆ ಹಕ್ಕುದಾರ ಸಂಸ್ಥೆಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ದಿನಾಂಕ, ಸ್ಥಳ, ಸಭಿಕರ ಸಂಖ್ಯೆ, ಶುಲ್ಕವಿಲ್ಲ ಎಂಬುದನ್ನು ಬರೆದು ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಒಂದು ತಿಂಗಳು ಮುಂಚೆ ಬರೆಯಿರಿ. ಎರಡನೇ ಭಾಗಕ್ಕೆ ಒಪ್ಪಿಗೆ ಸಿಗದಿದ್ದರೆ ಮೊದಲನೆಯದನ್ನೇ ಎರಡು ಸಂಜೆಗೆ ಹಂಚಿ ತೋರಿಸಿ, ಮೂರನೇ ಸಂಜೆ 2022ರದ್ದು.

ಮಕ್ಕಳು ಕೂರುವ ವಿಷಯ. ಹಳೆಯ ಚಿತ್ರದಲ್ಲಿ ಒಂದೊಂದು ಶಾಟ್ ಈಗಿನದಕ್ಕಿಂತ ಉದ್ದ, ಹಾಡು ಪೂರ್ತಿ ಇರುತ್ತೆ. ಮಕ್ಕಳಿಗೆ ಬೇಸರ ಬರೋದು ಮೊದಲ 20 ನಿಮಿಷದಲ್ಲಿ, ಯಾರು ಏನು ಅಂತ ತಿಳಿಯುವ ಮುಂಚೆ. ಆ 20 ನಿಮಿಷ ದಾಟಿಸಿದರೆ ಹೊಡೆದಾಟ, ಕಾಡುಪ್ರಾಣಿ ಎಲ್ಲ ಅವರನ್ನು ನೋಡಿಕೊಳ್ಳುತ್ತವೆ. ದೃಶ್ಯ ಕತ್ತರಿಸಬೇಡಿ, ಅಜ್ಜಂದಿರಿಗೆ ತಕ್ಷಣ ಗೊತ್ತಾಗುತ್ತೆ. ಅದರ ಬದಲು ಶುರುವಿಗೆ ಮುಂಚೆ 15 ನಿಮಿಷ ಇಟ್ಟುಕೊಳ್ಳಿ. ದೀಪ ಹಾಕಿರುವಾಗಲೇ ಹಾಡು ಒಂದು ಸಲ ಕೇಳಿಸಿ. ಚಿತ್ರವನ್ನು ಆಗಲೇ ನೋಡಿದ ಇಬ್ಬರು ಹಿರಿಯರನ್ನು ಕರೆದು ಮೂರು ಮೂರು ನಿಮಿಷ ಮಾತಾಡಿಸಿ. ಕೇಳಬೇಕಾದ ಪ್ರಶ್ನೆ ಮೊದಲೇ ಕೊಡಿ: ಯಾವ ಊರಿನ ಥಿಯೇಟರ್, ಗಾಂಧಿ ಕ್ಲಾಸಾ ಬಾಲ್ಕನಿಯಾ, ಟಿಕೆಟ್ ಎಷ್ಟು, ಹೇಗೆ ಹೋದಿರಿ, ಯಾವ ಹಾಡಿಗೆ ಚಿಲ್ಲರೆ ಎಸೆದರು. ಕಥೆ ಹೇಳಬಾರದು ಅಂತ ಸ್ಪಷ್ಟವಾಗಿ ತಿಳಿಸಿ, ಯಾಕೆಂದರೆ ಮೈಕ್ ಸಿಕ್ಕರೆ ಕ್ಲೈಮ್ಯಾಕ್ಸ್‌ವರೆಗೂ ಹೇಳಿಬಿಡೋದು ಸಹಜ.

ಆಗಿನ ಕಾಲದಲ್ಲಿ ಥಿಯೇಟರ್ ಮುಂದೆ ಹಾಡಿನ ಪುಸ್ತಕ ಮಾರ್ತಿದ್ದರು. ತೆಳ್ಳನೆಯ ನ್ಯೂಸ್‌ಪ್ರಿಂಟ್ ಹಾಳೆ, ಹೊರಗೆ ಒಂದೇ ಬಣ್ಣದಲ್ಲಿ ನಾಯಕನ ಚಿತ್ರ, ಒಳಗೆ ಹಾಡಿನ ಸಾಲು, ಕಥಾಸಾರ, ಕೊನೆಯಲ್ಲಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’. ಹಳೆಯ ಟ್ರಂಕಿನಲ್ಲಿ ಇವು ಇನ್ನೂ ಸಿಗುತ್ತವೆ. ಇದ್ದವರು ತರಲಿ ಅಂತ ಚೀಟಿಯಲ್ಲಿ ಬರೆಯಿರಿ, ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟು ಮೇಜಿನ ಮೇಲೆ ಜೋಡಿಸಿ. ಮಕ್ಕಳು ಅದರ ಸುತ್ತ ಸೇರುತ್ತಾರೆ, ತಂದ ಅಜ್ಜಿ ಪಕ್ಕದಲ್ಲೇ ಕೂರಲಿ. ಕೆನ್ನರ್ ಗೊಂಬೆ ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಈ ಪುಸ್ತಕ ಮಾಡಿದೆ.

ಧ್ವನಿಬೆಳಕು_ತುಮಕೂರು:

ಚರ್ಚೆ ಚೆನ್ನಾಗಿದೆ. ಆದರೆ ಮಾತು ಕೇಳಿಸದಿದ್ದರೆ ಹಿರಿಯರು ಅರ್ಧ ಗಂಟೆಯಲ್ಲಿ ಏಳ್ತಾರೆ. ಇಂಥ ಪ್ರದರ್ಶನ ಕೆಡೋದು ಹೆಚ್ಚಾಗಿ ಧ್ವನಿಯಿಂದ, ಚಿತ್ರದಿಂದ ಅಲ್ಲ.

ಹೊಸ ಚಿತ್ರಗಳ ಧ್ವನಿ ಆರು ಚಾನಲ್‌ನಲ್ಲಿ ಇರುತ್ತೆ, ಸಂಭಾಷಣೆ ಹೆಚ್ಚಾಗಿ ನಡುವಿನ ಚಾನಲ್‌ನಲ್ಲಿ. ಬಾಡಿಗೆಯ ಮಿಕ್ಸರ್‌ಗೆ ಎಡ-ಬಲ ಎರಡೇ ತಂತಿ ಹೋದರೆ, ಪ್ಲೇಯರ್ ಅದನ್ನು ಎರಡಕ್ಕೆ ಸರಿಯಾಗಿ ಇಳಿಸದಿದ್ದರೆ ಸಂಗೀತ ಅಬ್ಬರಿಸುತ್ತೆ, ಮಾತು ಬಾವಿಯೊಳಗಿಂದ ಬಂದ ಹಾಗಾಗುತ್ತೆ. ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಪ್ಲೇಯರ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಸ್ಟೀರಿಯೋ ಮಾಡಿ. ವಿಎಲ್‌ಸಿಯಲ್ಲಿ ಟೂಲ್ಸ್, ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್, ಆಡಿಯೋ, ಕಂಪ್ರೆಸರ್ ಆನ್ ಮಾಡಿದರೆ ಸ್ಫೋಟ ತಗ್ಗಿ ಪಿಸುಮಾತು ಮೇಲೆ ಬರುತ್ತೆ. 1973ರ ಚಿತ್ರದ ತೊಂದರೆ ಬೇರೆ. ಅದರಲ್ಲಿ ಹಿನ್ನೆಲೆಯ ಸುಯ್ ಶಬ್ದ ಇರುತ್ತೆ, ಮಿಕ್ಸರಿನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿ, ಪೂರ್ತಿ ಇಳಿಸಿದರೆ ಮಾತಿನ ಸ, ಶ ಮಾಯವಾಗುತ್ತೆ. ಗುಂಯ್ ಅಂತ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಆಗ ನಿಂತರೆ ಲ್ಯಾಪ್‌ಟಾಪ್, ಮಿಕ್ಸರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ.

ತಗಡಿನ ಸೂರಿಗೆ ಮಾತು ಪ್ರತಿಧ್ವನಿಸುತ್ತೆ. ವಾಲ್ಯೂಮ್ ಏರಿಸಿದಷ್ಟೂ ಅಸ್ಪಷ್ಟ. ಸ್ಪೀಕರನ್ನು 6 ಅಡಿ ಸ್ಟ್ಯಾಂಡಿನ ಮೇಲಿಟ್ಟು ಸ್ವಲ್ಪ ಕೆಳಕ್ಕೆ, ಜನರ ಕಡೆ ಬಾಗಿಸಿ. ಸೂರಿನ ಕಡೆ ಮುಖ ಮಾಡಬೇಡಿ. ಹಿಂದಿನ ಗೋಡೆಗೆ ಜಮಖಾನ ಇಳಿಬಿಡಿ. ಏಪ್ರಿಲ್-ಮೇನಲ್ಲಿ ಸಂಜೆ ಮಳೆ ಹೊಡೆದರೆ ತಗಡಿನ ಸದ್ದಿಗೆ ಏನೂ ಕೇಳಲ್ಲ. ಮಳೆ ನಿಲ್ಲುವವರೆಗೆ ಚಿತ್ರ ನಿಲ್ಲಿಸಿ ಹಾಡಿನ ಪುಸ್ತಕದ ಮೇಜಿಗೆ ಜನರನ್ನು ಕಳಿಸುವುದೇ ಒಳ್ಳೆಯದು.

ಪರದೆ 12 ಅಡಿ ಅಗಲ ಇದ್ದರೆ ಎತ್ತರ 6 ಅಡಿ 9 ಅಂಗುಲ. ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟು ಮೀರಬಾರದು, ಅಂದರೆ ಸುಮಾರು 40 ಅಡಿ. ಮೊದಲ ಸಾಲು 12 ಅಡಿ ದೂರದಲ್ಲಿ ಶುರುವಾದರೆ ನಡುವೆ 28 ಅಡಿ ಸಿಗುತ್ತೆ. ಸಾಲಿಗೆ 12ರಂತೆ 10 ಸಾಲು ಹಿಡಿಸಬೇಕಾದರೆ ಮುಂದಿನ ಮೂರು ಸಾಲು ಜಮಖಾನದ ಮೇಲೆ ಮಕ್ಕಳು, ಹಿಂದೆ ಏಳು ಸಾಲು ಕುರ್ಚಿ. ಹಿರಿಯರನ್ನು ಕೊನೆಗೆ ತಳ್ಳಬೇಡಿ. ಕುರ್ಚಿಯ ಮೊದಲ ಎರಡು ಸಾಲು, ಓಣಿಯ ಪಕ್ಕದ ಜಾಗ ಅವರದು, ಆಗಾಗ ಏಳಬೇಕಾಗುತ್ತೆ. ಮೊಮ್ಮಗು ಅವರ ಕಾಲ ಬುಡದ ಜಮಖಾನದಲ್ಲಿ ಕೂತರೆ ತಿರುಗಿ ಪ್ರಶ್ನೆ ಕೇಳೋಕೂ ಅನುಕೂಲ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ.

ಪ್ರೊಜೆಕ್ಟರ್ 4000 ಲ್ಯೂಮೆನ್ (ಬೆಳಕಿನ ಅಳತೆ) ಇರುವುದನ್ನು ಕೇಳಿ. ಸಾಮಾನ್ಯ ಲೆನ್ಸಿಗೆ ಅಗಲದ ಒಂದೂವರೆ ಪಟ್ಟು ದೂರ ಬೇಕು, 12 ಅಡಿಗೆ 18 ಅಡಿ. ಅಂದರೆ ಅದು ಜನರ ಮಧ್ಯೆಯೇ ಬರುತ್ತೆ. ಓಣಿಯಲ್ಲಿ ಎತ್ತರದ ಮೇಜು ಹಾಕಿ, ತಂತಿಯನ್ನು ನೆಲಕ್ಕೆ ಟೇಪ್ ಒತ್ತಿ. ಕೋಲು ಊರಿಕೊಂಡು ನಡೆಯುವವರು ಎಡವೋದು ಅಲ್ಲೇ. ಕಿಟಕಿಗೆ ಹಳೆಯ ಫ್ಲೆಕ್ಸ್ ಎರಡು ಪದರ ಕಟ್ಟಿ. ಒಂದೇ ಪದರದಲ್ಲಿ ಪಶ್ಚಿಮದ ಬಿಸಿಲು ತೂರುತ್ತೆ. ಲ್ಯಾಂಪ್ ಪ್ರೊಜೆಕ್ಟರ್ ಆದರೆ ಕರೆಂಟ್ ಹೋದಾಗ ಫ್ಯಾನ್ ತಟ್ಟನೆ ನಿಂತು ಲ್ಯಾಂಪಿಗೆ ಪೆಟ್ಟು, ಆರುವವರೆಗೆ ಮತ್ತೆ ಹೊತ್ತುವುದೂ ಇಲ್ಲ. 1 ಕೆವಿಎ ಯುಪಿಎಸ್ ನಡುವೆ ಇರಲಿ, ಜನರೇಟರ್ ಶುರುವಾಗುವ ತನಕ ಸಾಕು.

ಹೊತ್ತು: ಸಂಜೆ 5:15ಕ್ಕೆ ಮಾತು, 5:30ಕ್ಕೆ ಚಿತ್ರ, 50 ನಿಮಿಷಕ್ಕೆ ಮೊದಲ ವಿರಾಮ, ಮಜ್ಜಿಗೆ-ಚುರುಮುರಿ 15 ನಿಮಿಷ. ಚಿತ್ರದ ಮೂಲ ಮಧ್ಯಂತರಕ್ಕೆ ಇನ್ನೊಂದು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಊಟ 8:30ರ ಒಳಗೆ ಆಗಬೇಕು, ಅದನ್ನು ಮೀರಿದರೆ ಮನೆಯವರು ಮಧ್ಯದಲ್ಲೇ ಕರೆದುಕೊಂಡು ಹೋಗ್ತಾರೆ. ಹಾಡಿನ ನಡುವೆ ಮಾತ್ರ ವಿರಾಮ ಕೊಡಬೇಡಿ. ಹಿಂದಿನ ದಿನ ಒಬ್ಬರು ಪೂರ್ತಿ ಚಿತ್ರ ನೋಡಿ ನಿಲ್ಲಿಸಬೇಕಾದ ನಿಮಿಷ-ಸೆಕೆಂಡನ್ನು ಹಾಳೆಯಲ್ಲಿ ಬರೆದು ಲ್ಯಾಪ್‌ಟಾಪಿನ ಪಕ್ಕ ಅಂಟಿಸಿ.

ಚಿಂತಾಮಣಿ_ಲೈಬ್ರರಿ:

ಧ್ವನಿಬೆಳಕು ಸರ್, ಈ ಅಳತೆಗಳನ್ನು ಹಾಗೇ ಪ್ರಿಂಟ್ ತೆಗೆಸಿ ಸಮಿತಿಗೆ ಕೊಡ್ತೀನಿ. ಹಕ್ಕುದಾರರಿಗೆ ಪತ್ರ ನಾಳೆ ಹೋಗುತ್ತೆ. ಪೋಷಕರ ಚೀಟಿಯಲ್ಲಿ ‘ಹಾಡಿನ ಪುಸ್ತಕ, ಹಳೆಯ ಕ್ಯಾಸೆಟ್ ಇದ್ದರೆ ತನ್ನಿ’ ಎಂಬ ಸಾಲು ಸೇರಿಸಿದ್ದೇವೆ. ಕ್ಯಾಸೆಟ್ ತಂದರೆ ಕೇಳಿಸೋಕೆ ಪ್ಲೇಯರ್ ಬೇಕಲ್ಲ, ಈಗ ಎಲ್ಲಿ ಸಿಗುತ್ತೆ?

ಧ್ವನಿಬೆಳಕು_ತುಮಕೂರು:

ಹಳೆಯ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ ಮೇಡಂ. ತರುವ ಮುಂಚೆ ಬೆಲ್ಟ್ ನೋಡಿ. ವರ್ಷಗಟ್ಟಲೆ ನಿಂತ ರಬ್ಬರ್ ಬೆಲ್ಟ್ ಅಂಟಂಟಾಗಿ ಕರಗಿರುತ್ತೆ, ಹಾಡು ಎಳೆದು ಎಳೆದು ಬರುತ್ತೆ. ಬೆಲ್ಟ್ ಹೊಸದು ಹಾಕಿಸಿ, ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿ. ಮೊದಲು ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ, ಆಮೇಲೆ ಅಜ್ಜಿ ತಂದದ್ದನ್ನು ಹಾಕಿ.